ತಲೆಕೆಳಗಾದ ಬೆಟ್ಟ

ಹನ್ನೊಂದನೆಯ ಕಂತು

"ಮುಟ್ಟಿ ನೋಡಿ ಮೇಡಂ. ಮುಟ್ಟಿದ್ರೆ ನಿಮಗೇ ಗೊತ್ತಾಗುತ್ತೆ. ನನ್ನ ಬಾಯಿಂದ ಹೇಳಿಸ್ಬೇಡಿ."

ಹಾಗಂದು ಕೀಲಿಕೈಯಣ್ಣ ಕೊಳವೆಯ ಕೆಂಪು ಮುಚ್ಚಳ ಕಿತ್ತು ಪಕ್ಕಕ್ಕಿಟ್ಟ. ವಸ್ತುಸಂಗ್ರಹಾಲಯದ ನೆಲಮಾಳಿಗೆಯ ಬೀಗಗಳನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಕಾಯುತ್ತ ಬಂದವನು ಅವನು. ಬೆಟ್ಟದ ಹುಲ್ಲು, ಹಕ್ಕಿ, ಕಲ್ಲು, ಎಲುಬು ಎಲ್ಲವೂ ಅವನ ಸೊಂಟದ ಗೊಂಚಲಿನ ಅಧೀನದಲ್ಲಿದ್ದವು.

ಇನ್ಸ್‌ಪೆಕ್ಟರಮ್ಮ ಕೊಳವೆಯ ಬಾಯಿಗೆ ಬೆರಳು ಒತ್ತಿದಳು. ಗಟ್ಟಿ. ಬೂದು ಜೇಡಿಮಣ್ಣು, ನಡುನಡುವೆ ಕಡಲೆಕಾಳಿನ ಗಾತ್ರದ ಕಲ್ಲು. ಉಗುರು ಕೂಡ ಇಳಿಯಲಿಲ್ಲ.

"ಈಗ ಆ ಕಡೆ."

ಇನ್ನೊಂದು ತುದಿಯ ನೀಲಿ ಮುಚ್ಚಳವೂ ಬಂತು. ಅಲ್ಲಿ ಬೆರಳು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಕರಿ ಕೆಸರು, ಕೊಳೆತ ಎಲೆಯ ವಾಸನೆ.

ಇದೇ ಕಟ್ಟಡದ ಮಹಡಿಯಲ್ಲಿ ಕೆಸರು ಪರೀಕ್ಷಿಸುವ ಕೆಲಸ ಮಾಡುತ್ತಿದ್ದ ಮಣ್ಣಕ್ಕ ಸತ್ತು ಅಂದಿಗೆ ಐದನೆಯ ದಿನ. ವಸ್ತುಸಂಗ್ರಹಾಲಯದ ಹಿತ್ತಿಲ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ ಅವಳನ್ನು ಕೊಂದವನು ಅವಳ ಸ್ವಂತ ತಮ್ಮನೇ ಎಂದು ಅವನನ್ನು ಹಿಡಿದು ಒಳಗೆ ಹಾಕಿದ್ದರು. ಪೊಲೀಸರ ವಶಕ್ಕೆ ಕೊಟ್ಟ ಅವಧಿ ಮುಗಿದು, ಮಧ್ಯಾಹ್ನ ಮೂರಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಒಪ್ಪಿಸಬೇಕು. ಆಗ ಗಂಟೆ ಹನ್ನೊಂದೂವರೆ. ಅವನು ಕೊಂದವನಲ್ಲ ಎಂದು ನಂಬಿದ್ದವಳು ಇಡೀ ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ಒಬ್ಬಳೇ.

"ನನಗೆ ಓದು ಅಷ್ಟಕ್ಕಷ್ಟೆ," ಅಂದಳು ಅವಳು ಬೆರಳು ಒರೆಸಿಕೊಳ್ಳುತ್ತ. "ಮಕ್ಕಳಿಗೆ ಹೇಳೋ ಹಾಗೆ ಹೇಳು."

"ಬೆಟ್ಟದ ಮೇಲೆ ಸರೋವರ ಇದೆಯಲ್ಲ, ಅದರ ತಳಕ್ಕೆ ಈ ಕೊಳವೆ ಇಳಿಸಿ ಎತ್ತೋದು. ಅಲ್ಲಿ ವರ್ಷಾ ವರ್ಷಾ ಒಂದೊಂದು ಪದರ ಕೆಸರು ಕೂರುತ್ತೆ. ಮರದ ಪರಾಗ, ಕಾಡ್ಗಿಚ್ಚಿನ ಇದ್ದಿಲು, ಕುರಿ ಹಿಕ್ಕೆ ಮೇಲೆ ಬೆಳೆಯೋ ಬೂಷ್ಟಿನ ಕಣ ಎಲ್ಲಾ ಅದರಲ್ಲಿ ಸಿಕ್ಕಿಕೊಂಡಿರುತ್ತೆ. ಮೇಲಿಂದು ಮೊನ್ನೆ ಮೊನ್ನೆಯ ಕೆಸರು. ತಳದ್ದು ಮೂರು ಸಾವಿರ ವರ್ಷದ ಹಳೇದು. ಮೇಲಿನ ತುದಿಗೆ ಕೆಂಪು ಮುಚ್ಚಳ, ತಳಕ್ಕೆ ನೀಲಿ. ಇಲ್ಲಿ ಯಾವ ಕೊಳವೆ ತೆಗೆದ್ರೂ ಅದೇ ನಿಯಮ."

"ಹೊಸ ಕೆಸರು ಮೆತ್ತಗಿರ್ಬೇಕು, ಹಳೇದು ಗಟ್ಟಿ ಇರ್ಬೇಕು. ಅಷ್ಟು ನನಗೂ ಹೊಳೆಯುತ್ತೆ."

"ಹೌದು ಮೇಡಂ. ಗುಡ್ಡ ಕುಸಿದು ಹಳ್ಳಕ್ಕೆ ಅಡ್ಡ ಬಿದ್ದಿದ್ರಿಂದಲೇ ಆ ಸರೋವರ ಆಗಿದ್ದು. ಕುಸಿದ ಕಲ್ಲು ತಳದಲ್ಲೇ ಇರ್ಬೇಕು."

"ಕಲ್ಲು ಇರೋದು ಕೆಂಪು ಮುಚ್ಚಳದ ಕಡೆ."

ಕೀಲಿಕೈಯಣ್ಣ ಕೆಂಪು ಮುಚ್ಚಳ ಎತ್ತಿ ಮತ್ತೆ ಅದೇ ತುದಿಗೆ ಒತ್ತಿದ.

"ಈ ಕೊಳವೆ ತಂದ ಹನ್ನೊಂದು ವರ್ಷದಲ್ಲಿ ಒಬ್ಬರ ಕಣ್ಣಿಗೂ ಬೀಳ್ಲಿಲ್ವಾ?"

"ಮುಚ್ಚಳ ತೆಗೆಯೋದೇ ಇಲ್ವಲ್ಲ. ಬದಿಯಲ್ಲಿ ತೂತು ಕೊರೆದು, ಕೆಂಪು ಕಡೆಯಿಂದ ಒಂದು ಎರಡು ಅಂತ ನಂಬರ್ ಹಾಕಿ, ಚಿಟಿಕೆ ಚಿಟಿಕೆ ಕೆಸರು ಸೀಸೆಗೆ ತುಂಬಿ ಮಹಡಿಗೆ ಕಳಿಸ್ತೀವಿ. ಮಣ್ಣಕ್ಕ ಒಂಬತ್ತು ವರ್ಷ ಸೀಸೆಯಲ್ಲಿದ್ದ ಕಣ ಎಣಿಸಿದ್ಲು, ಕೊಳವೆ ನೋಡಿರ್ಲಿಲ್ಲ. ಹೋದ ವಾರ ತಂಪಿನ ಯಂತ್ರ ಕೆಟ್ಟು ಕೊಳವೆಗಳನ್ನೆಲ್ಲ ಸಾಗಿಸ್ಬೇಕಾಯ್ತು. ಆಗ ಇದರ ಮುಚ್ಚಳ ಕಳಚ್ಕೊಳ್ತು. ಅವಳೇ ಎತ್ತಿಕೊಂಡ್ಲು. ಬೆರಳು ಒತ್ತಿದ್ಲು, ಈಗ ನೀವು ಒತ್ತಿದ ಹಾಗೆ. ಆಮೇಲೆ ಇಲ್ಲೇ ನೆಲದ ಮೇಲೆ ಕೂತುಬಿಟ್ಲು."

"ತೂತು ಕೊರೆಯೋನು ನೀನೇ. ನಿನಗೆ ಮೊದಲೇ ಗೊತ್ತಿತ್ತು."

"ಇನ್ನೆರಡು ವರ್ಷಕ್ಕೆ ನಿವೃತ್ತಿ ಮೇಡಂ."

"ಆ ಎರಡು ವರ್ಷದ ಮುಂದೆ ಇಡೀ ಬೆಟ್ಟಾನೇ ಲೆಕ್ಕಕ್ಕಿಲ್ಲ ಅನ್ನು," ಅಂದಳು ಇನ್ಸ್‌ಪೆಕ್ಟರಮ್ಮ. ಅವನಿಗೆ ನಾಚಿಕೆಯಾಯಿತು. ಅದನ್ನು ನೋಡಿ ಅವಳಿಗೆ ಸ್ವಲ್ಪವೂ ಕನಿಕರ ಬರಲಿಲ್ಲ.

ಈ ಕೊಳವೆಯ ಮೇಲೆಯೇ ವಸ್ತುಸಂಗ್ರಹಾಲಯದ ನಿರ್ದೇಶಕರು ಬರೆದ ಬೆಟ್ಟದ ಚರಿತ್ರೆಯ ಏಳನೆಯ ಸಂಪುಟ ನಿಂತಿತ್ತು. ಬೆನ್ನ ಹಿಂದೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಬೆಟ್ಟದಪ್ಪ ಎಂದು. ಬೆಟ್ಟವನ್ನು ಹೆತ್ತದ್ದೇ ತಾವು ಎಂಬಂತೆ ಓಡಾಡುವವರಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಅವರ ಸಂಪುಟದ ಪ್ರಕಾರ ಬೆಟ್ಟದಲ್ಲಿ ಮೊದಲು ಇದ್ದದ್ದು ದಟ್ಟ ಕಾಡು. ಕುರಿಗಾಹಿಗಳು ಇತ್ತೀಚೆಗೆ ಎಲ್ಲಿಂದಲೋ ಬಂದು ಸೇರಿಕೊಂಡವರು, ಬಂದ ಮೇಲೆ ಕಾಡು ತಿಂದು ತೇಗಿದವರು. ಆ ಒಂದು ಮಾತಿನ ಬಲದ ಮೇಲೆ ಸರ್ಕಾರ ಕುರಿಗಾಹಿಗಳಿಗೆ ಜಾಗ ಖಾಲಿ ಮಾಡಿ ಎಂದು ಆಜ್ಞೆ ಹೊರಡಿಸಿತ್ತು. ಮಣ್ಣಕ್ಕನ ತಮ್ಮನ ಕುರಿಹಟ್ಟಿಯೂ ಆ ಪಟ್ಟಿಯಲ್ಲಿತ್ತು.

ಕೊಳವೆಯನ್ನು ತಿರುಗಿಸಿ ಓದಿದರೆ ಕಥೆಯೂ ತಿರುಗುತ್ತಿತ್ತು. ಕುರಿ ಹಿಕ್ಕೆಯ ಬೂಷ್ಟಿನ ಕಣ ಸಿಕ್ಕಿದ್ದು ಕೆಂಪು ಮುಚ್ಚಳದ ಕಡೆ, ಅಂದರೆ ನಿಜವಾದ ತಳದಲ್ಲಿ. ಸರೋವರ ಹುಟ್ಟಿದ ದಿನದಿಂದಲೂ ಅಲ್ಲಿ ಕುರಿಗಳಿದ್ದವು. ಕಾಡು ಬೆಳೆದದ್ದು ಆಮೇಲೆ, ಕುರಿಗಾಹಿಗಳ ಕಣ್ಣೆದುರಿಗೇ.

ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯ ಕೆಸರಿಗೆ ಬೆರಳು ಅದ್ದುವುದಕ್ಕೆ ಹೇಸಿಕೊಂಡನೆಂದು ಮೂರು ಸಾವಿರ ವರ್ಷದ ಬಾಳು ಬೀದಿಗೆ ಬರುವುದೇ?

ಫೋನು ಹೊಡೆದುಕೊಂಡಿತು. ಅವಳ ಮೇಲಧಿಕಾರಿ ದೊಡ್ಡ ಸಾಹೇಬರು.

"ಎಲ್ಲಿದೀರಿ? ಆ ಮ್ಯೂಸಿಯಮ್ಮಲ್ಲೇ ಇನ್ನೂ ಧೂಳು ಹೊಡೀತಿದೀರಾ? ಎರಡೂವರೆಗೆ ಜೀಪು ಹೊರಡುತ್ತೆ, ನಿಮ್ಮನ್ನ ಕಾಯಲ್ಲ. ಕುರಿ ಕಾಯೋನು, ಸಿಟ್ಟು ಬಂತು, ತಳ್ಳಿದ. ಇದರಲ್ಲಿ ತಲೆ ಕೆರ್ಕೊಳ್ಳೋಕೆ ಏನಿದೆ?"

"ಅವನು ಇನ್ನೂ ಒಂದು ಮಾತೂ ಆಡಿಲ್ಲ ಸಾರ್."

"ಅಂಥೋರಿಗೆ ಆಡೋಕೆ ಏನಿರುತ್ತೆ?" ಎಂದು ಸಾಹೇಬರು ಫೋನು ಇಟ್ಟರು.

*

ನಿರ್ದೇಶಕರ ಕೋಣೆಯಲ್ಲಿ ಬೆಟ್ಟ ಎಲ್ಲೆಲ್ಲೂ ಇತ್ತು, ಕಿಟಕಿಯೊಂದನ್ನು ಬಿಟ್ಟು. ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಬಿಸಿಲಿಗೆ ಪುಸ್ತಕದ ಬೆನ್ನು ಬಣ್ಣಗೆಡುತ್ತದಂತೆ. ಏಳು ಸಂಪುಟಗಳು ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು. ಗೋಡೆಯ ಮೇಲೆ ಆಳೆತ್ತರದ ಒಂದು ಫೋಟೋ.

ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ. ಫೋಟೋದ ಎದುರು ಹೋಗಿ ನಿಂತಳು. ಹಿಂದೆ ದಫೇದಾರ ಪುಸ್ತಕ ಬಿಚ್ಚಿ ಪೆನ್ನು ಹಿಡಿದ. ಮಾತು ಬಾಯಿಂದ ಬೀಳುವುದಕ್ಕೂ ಕಾಗದದ ಮೇಲೆ ಕೂರುವುದಕ್ಕೂ ನಡುವೆ ಉಸಿರಾಡುವಷ್ಟು ಬಿಡುವನ್ನೂ ಕೊಡದವನೆಂದು ಠಾಣೆಯಲ್ಲಿ ಅವನಿಗೆ ಹೆಸರಿತ್ತು.

"ಎರಡು ನಿಮಿಷ ಕೊಡ್ತೀನಿ," ಅಂದರು ಬೆಟ್ಟದಪ್ಪ, ಕನ್ನಡಕದ ಮೇಲಿಂದ ನೋಡುತ್ತ. "ಆ ಹೆಣ್ಣುಮಗಳ ಬಗ್ಗೆ ನನಗೂ ಬೇಜಾರಿದೆ. ಆದ್ರೆ ಅವಳ ಮನೆ ಜನ ಎಂಥವರು ಅಂತ ನಿಮಗೆ ಗೊತ್ತೇ ಇದೆ. ಕೈ ಮೊದಲು, ಮಾತು ಆಮೇಲೆ."

"ಈ ಫೋಟೋ ಯಾವಾಗಿಂದು ಸಾರ್?"

ಅವರ ಮುಖ ಅರಳಿತು. ಇಂಥ ಪ್ರಶ್ನೆಗಾಗಿ ಈ ಮನುಷ್ಯ ಪ್ರತಿದಿನ ಕಾದು ಕೂರುತ್ತಾನೆ ಎಂದು ಅವಳಿಗೆ ಅನ್ನಿಸಿತು.

"ಹನ್ನೊಂದು ವರ್ಷದ ಹಿಂದೆ. ಒಂಬತ್ತನೇ ಕೊಳವೆ. ಸರೋವರದ ದಂಡೆಯಲ್ಲಿ ನಾನೇ ಖುದ್ದಾಗಿ ಮುಚ್ಚಳ ಹಾಕಿದ ಕ್ಷಣ ಅದು."

"ಬೇರೆ ಕೊಳವೆಗೆಲ್ಲ ಯಾರು ಹಾಕಿದ್ರು?"

"ಆಳುಗಳು."

"ಅವು ಎಂಟೂ ಸರಿಯಾಗಿವೆ," ಅಂದಳು ಅವಳು. "ಕೈಯಲ್ಲಿರೋದು ಯಾವ ಬಣ್ಣದ ಮುಚ್ಚಳ ಸಾರ್?"

"ಕೆಂಪು. ಕಾಣಿಸ್ತಿಲ್ವೇ?"

"ಚೆನ್ನಾಗಿ ಕಾಣಿಸ್ತಿದೆ. ಮುಚ್ಚಳದ ಪಕ್ಕ ಕೊಳವೆ ಬಾಯಿ ಕೂಡ ಕಾಣಿಸ್ತಿದೆ. ಬೂದು ಜೇಡಿ. ಇಗೋ ಇಲ್ಲಿ ಒಂದು ಕಲ್ಲು, ಇಲ್ಲೊಂದು. ನೀವೇ ಎದ್ದು ಬಂದು ನೋಡ್ಬಹುದು."

ಬೆಟ್ಟದಪ್ಪ ಏಳಲಿಲ್ಲ. ಕುರ್ಚಿಯ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದರು. ಅಷ್ಟರಿಂದಲೇ ಅವಳಿಗೆ ತಿಳಿಯಿತು, ಈ ಸುದ್ದಿ ಅವರಿಗೆ ಹೊಸದಲ್ಲ.

ಈ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿದ್ದರು. ಹನ್ನೊಂದು ವರ್ಷ ಅವರ ಮೂರ್ಖತನ ಅವರದೇ ಗೋಡೆಯ ಮೇಲೆ ತೂಗುತ್ತಿತ್ತು, ಬಂದು ಹೋದ ಒಬ್ಬ ವಿದ್ವಾಂಸನಿಗೂ ಅದು ಕಾಣಲಿಲ್ಲ. ಎಲ್ಲರೂ ಫೋಟೋದಲ್ಲಿ ಅವರ ಮುಖವನ್ನೇ ಹೊಗಳಿದರು.

"ಕೆಸರಿನ ವಯಸ್ಸು ಪರೀಕ್ಷೆ ಮಾಡಿಸಿದ್ರೆ ಆವಾಗಲೇ ಗೊತ್ತಾಗ್ತಿತ್ತಂತೆ."

"ಅಗತ್ಯ ಕಾಣಲಿಲ್ಲ. ನನಗೆ ನಲವತ್ತು ವರ್ಷದ ಅನುಭವ ಇದೆ."

"ಬೆಟ್ಟಕ್ಕೆ ಎಷ್ಟು ಸಲ ಹೋಗಿದೀರಿ?"

"ಅದು ಪ್ರಶ್ನೆಯಲ್ಲ."

"ಎಷ್ಟು ಸಲ ಸಾರ್?"

"ಮೂರು," ಅಂದರು ಬೆಟ್ಟದಪ್ಪ. "ನೋಡಿ, ನೀವು ಎಷ್ಟು ಓದಿದೀರೋ ನನಗೆ ಗೊತ್ತಿಲ್ಲ. ಇಂಥ ವಿಷಯ ನಿಮಗೆ ಅರ್ಥ ಆಗೋದು ಕಷ್ಟ. ಒಂದು ಕೊಳವೆಯಲ್ಲಿ ಸಣ್ಣ ದೋಷ ಇರಬಹುದು. ಅದರಿಂದ ಒಟ್ಟು ಚಿತ್ರ ಬದಲಾಗಲ್ಲ."

"ಒಟ್ಟು ಚಿತ್ರ ತಲೆ ಕೆಳಗೆ ಕಾಲು ಮೇಲೆ ಮಾಡ್ಕೊಂಡು ನಿಂತಿದೆ. ಮಣ್ಣಕ್ಕ ಬಂದು ನಿಮಗೆ ಹೇಳಿದ್ದೂ ಅದನ್ನೇ. ಹೇಳಿ ಎರಡು ದಿನಕ್ಕೆ ಸತ್ಲು."

"ನಾನು ಆ ಸಂಜೆ ಸಭಾಭವನದಲ್ಲಿದ್ದೆ! ಮುನ್ನೂರು ಜನರ ಎದುರು ಉಪನ್ಯಾಸ ಕೊಡ್ತಿದ್ದೆ!"

ಈ ಮಾತಿಗಾಗಿಯೇ ಅವಳು ಕಾದಿದ್ದಳು. ಈಗ ಕುರ್ಚಿ ಎಳೆದು ಕೂತಳು.

"ಆರೂಮುಕ್ಕಾಲಿಗೆ ದೀಪ ಆರಿಸಿ ಬೆಟ್ಟದ ಸಿನಿಮಾ ತೋರಿಸಿದ್ರಿ. ಇಪ್ಪತ್ತೈದು ನಿಮಿಷ. ಯಂತ್ರ ಓಡಿಸಿದವನನ್ನ ನಮ್ಮ ದಫೇದಾರರು ಬೆಳಿಗ್ಗೆ ಮಾತಾಡಿಸಿ ಬಂದಿದಾರೆ. ಸಿನಿಮಾದಲ್ಲಿ ಮಾತಾಡೋ ದನಿ ನಿಮ್ಮದೇ, ಮೊದಲೇ ರೆಕಾರ್ಡ್ ಮಾಡಿದ್ದು. ಮುನ್ನೂರು ಜನ ನಿಮ್ಮ ದನಿ ಕೇಳಿದ್ರು. ಕತ್ತಲೆಯಲ್ಲಿ ನಿಮ್ಮನ್ನ ನೋಡಿದೋರು ಯಾರು? ಅಲ್ಲಿಂದ ಹಿತ್ತಿಲ ಮೆಟ್ಟಿಲಿಗೆ ನಾನೇ ನಡೆದು ನೋಡಿದೀನಿ. ಮಂಡಿ ನೋವಿರೋ ನನಗೇ ನಾಲ್ಕು ನಿಮಿಷ."

"ನನ್ನ ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು. ಅವಳನ್ನ ಕೇಳಿ."

"ಕೇಳಿದೆ. ದೀಪ ಆರಿದ ತಕ್ಷಣ ನಿದ್ದೆ ಹತ್ತಿತಂತೆ, ದೀಪ ಹತ್ತಿದ ಮೇಲೆ ಎಚ್ಚರವಾಯ್ತಂತೆ. ಆ ಸಿನಿಮಾಕ್ಕೆ ಯಾವಾಗಲೂ ಹಾಗೇನೇ ಅಂದ್ರು."

ದಫೇದಾರ ನಗು ತಡೆಯಲು ಕೆಮ್ಮಿದ.

ಬೆಟ್ಟದಪ್ಪನ ಮುಖದಿಂದ ರಕ್ತ ಇಳಿದುಹೋಯಿತು. ಸಿನಿಮಾದ ವಿಷಯಕ್ಕಾಗಲಿ, ಫೋಟೋದ ವಿಷಯಕ್ಕಾಗಲಿ ಇಳಿಯದ ರಕ್ತ ಈಗ ಇಳಿಯಿತು.

"ನಿದ್ದೆ ಹತ್ತಿತು ಅಂತ... ಅವಳೇ ಹೇಳಿದಳೇ?"

"ಅವರ ಬಾಯಿಂದಲೇ."

ಅವರು ಬಾಗಿಲ ಕಡೆ ನೋಡುತ್ತ, "ನನ್ನ ವಕೀಲರು ಬರೋ ತನಕ ನಾನು ಇನ್ನೊಂದು ಮಾತೂ ಆಡಲ್ಲ," ಅಂದರು.

ಸಿಕ್ಕಿಬಿದ್ದ ಎಂದುಕೊಂಡಳು ಇನ್ಸ್‌ಪೆಕ್ಟರಮ್ಮ. ಇಪ್ಪತ್ತು ವರ್ಷದ ಕೆಲಸದಲ್ಲಿ ಒಬ್ಬ ಮನುಷ್ಯನನ್ನು ಇಷ್ಟು ಮನಸಾರೆ ಕೀಳಾಗಿ ಕಂಡದ್ದು ಅವಳಿಗೆ ನೆನಪಿರಲಿಲ್ಲ. ಕಂಡದ್ದು ಹಿತವಾಗಿತ್ತು. ಮೆಟ್ಟಿಲು ಇಳಿಯುವಾಗ ಮಂಡಿ ನೋವು ಕೂಡ ಗಮನಕ್ಕೆ ಬರಲಿಲ್ಲ.

*

ಠಾಣೆಯ ಲಾಕಪ್ಪಿನಲ್ಲಿ ಮಣ್ಣಕ್ಕನ ತಮ್ಮ ಗೋಡೆಗೆ ಒರಗಿ ಕೂತಿದ್ದ. ದಪ್ಪ ಉಣ್ಣೆಯ ಕೋಟು, ಬಿರುಕು ಬಿಟ್ಟ ಅಂಗೈ. ನಾಲ್ಕು ದಿನದಿಂದ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೊಡೆಯುತ್ತೇನೆಂದರೂ ಅಷ್ಟೆ, ಬಿಡುತ್ತೇನೆಂದರೂ ಅಷ್ಟೆ.

ಆಗ ಎರಡೂಕಾಲು. ಇನ್ಸ್‌ಪೆಕ್ಟರಮ್ಮ ಬಾಗಿಲು ತೆಗೆಸಿ ಒಳಗೆ ಹೋದಳು. ದಫೇದಾರನಿಗೂ ಒಂದು ಸ್ಟೂಲು ತರಿಸಿದಳು.

"ನೋಡಪ್ಪಾ, ನಿನ್ನನ್ನ ಬಿಡಿಸೋ ದಾರಿ ಸಿಕ್ಕಿದೆ. ಆ ಸಂಜೆ ನೀನು ಎಷ್ಟು ಗಂಟೆಗೆ ಬಂದೆ, ಎಷ್ಟು ಗಂಟೆಗೆ ಹೋದೆ, ಅಷ್ಟು ಹೇಳು ಸಾಕು."

ಅವನು ಅವಳ ಬೂಟು ನೋಡಿದ.

"ನಿಮ್ಮಕ್ಕನ ಮೇಲೆ ಸಿಟ್ಟು ಇತ್ತಲ್ವಾ ನಿನಗೆ?"

ಅಕ್ಕ ಎಂಬ ಮಾತಿಗೆ ಅವನ ತುಟಿ ಸೊಟ್ಟಗಾಯಿತು. ನಾಲ್ಕು ದಿನದಲ್ಲಿ ಮೊದಲ ಸಲ ಬಾಯಿ ತೆರೆದ.

"ಸಿಟ್ಟಲ್ಲ. ಅಸಹ್ಯ. ನಮ್ಮ ಹಟ್ಟಿಯಲ್ಲಿ ಹುಟ್ಟಿ, ನಮ್ಮ ಕುರಿ ಹಾಲು ಕುಡಿದು, ಆ ಮುದುಕನ ಕೈಗೆ ನಮ್ಮನ್ನ ಒಪ್ಪಿಸಿದ್ಲು. ನಾವು ಬೆಟ್ಟಕ್ಕೆ ಬಂದೋರಂತೆ. ಅವಳ ಎಣಿಕೆ ನೋಡಿಯೇ ಬರೆದದ್ದಂತೆ. ಪುಸ್ತಕದಲ್ಲಿ ಅವಳ ಹೆಸರೂ ಇಲ್ಲ, ಆ ಯೋಗ್ಯತೆಗೆ."

"ಆ ಪುಸ್ತಕ ಸುಳ್ಳು," ಅಂದಳು ಇನ್ಸ್‌ಪೆಕ್ಟರಮ್ಮ.

ಅವಳು ಎಲ್ಲವನ್ನೂ ಹೇಳಿದಳು. ಕೊಳವೆ, ಮುಚ್ಚಳ, ಗೋಡೆಯ ಫೋಟೋ. ಬೆಟ್ಟದಪ್ಪನ ದನಿಯನ್ನು ಅಣಕಿಸಿ ತೋರಿಸುವ ಆಸೆಯನ್ನೂ ತಡೆದುಕೊಳ್ಳಲಿಲ್ಲ. ಖುಷಿಯಲ್ಲಿದ್ದಳು. ಹೇಳುತ್ತ ಹೇಳುತ್ತ ಅವನ ಮುಖ ನೋಡುವುದನ್ನೇ ಬಿಟ್ಟಿದ್ದಳು.

"ಅದನ್ನ ಕಂಡುಹಿಡಿದದ್ದು ನಿಮ್ಮಕ್ಕ. ಮೂರು ಸಾವಿರ ವರ್ಷದಿಂದ ನೀವು ಅಲ್ಲೇ ಇದೀರಿ ಅಂತ ಆ ಮುದುಕನ ಎದುರು ನಿಂತು ಹೇಳಿದೋಳು ಅವಳೊಬ್ಬಳೇ. ಅದಕ್ಕೇ ಸತ್ಲು."

ಅವಳು ತಲೆಯೆತ್ತಿದಳು. ಅವನ ಬಾಯಿ ತೆರೆದೇ ಇತ್ತು.

"ಯಾವತ್ತು ಗೊತ್ತಾಗಿದ್ದು ಅವಳಿಗೆ?"

"ಸಾಯೋಕೆ ಮೂರು ದಿನ ಮುಂಚೆ."

"ಹಾಗಾದ್ರೆ ಅವತ್ತು ಅವಳು ನಕ್ಕಿದ್ದು..." ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯೋ. ಅಯ್ಯೋ ಅಕ್ಕಾ."

ಇನ್ಸ್‌ಪೆಕ್ಟರಮ್ಮನಿಗೆ ಇವನನ್ನು ಈಗಲೇ ಸುಮ್ಮನಾಗಿಸಬೇಕು ಅನ್ನಿಸಿತು. ಆದರೆ ನಾಲ್ಕು ದಿನ ಬೇಡಿಕೊಂಡ ಮಾತು ಅದು, ತಡೆಯಲು ಅವಳಿಗೆ ಬಾಯಿ ಬರಲಿಲ್ಲ.

"ಆರೂಮುಕ್ಕಾಲಿಗೆ ಹೋಗಿದ್ದೆ ಅಮ್ಮಾ. ಒಳಗೆ ಕಾಲಿಡೋಕೆ ಮನಸ್ಸಾಗ್ಲಿಲ್ಲ, ಹಿಂದಿನ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಅಕ್ಕ ಹೊರಗೆ ಬಂದು ನನ್ನ ಮುಖ ನೋಡಿದ್ದೇ ತಡ, ನಗೋಕೆ ಶುರು ಮಾಡಿದ್ಲು. ಕಣ್ಣಲ್ಲಿ ನೀರು ಬರೋ ಹಾಗೆ. 'ಕೇಳೋ ಇಲ್ಲಿ, ಆ ಮುದುಕ ಏನು ಮಾಡಿದಾನೆ ಗೊತ್ತಾ' ಅಂತಾಳೆ, ಮತ್ತೆ ನಗ್ತಾಳೆ. ಮಾತು ಮುಗಿಸೋಕೇ ಆಗ್ತಿಲ್ಲ ಅವಳಿಗೆ. ನಾವು ಬೀದಿಪಾಲಾಗ್ತಿರೋದು ನೋಡಿ ನಗ್ತಿದಾಳೆ ಅಂದ್ಕೊಂಡೆ. ಎದೆ ಮೇಲೆ ಕೈಯಿಟ್ಟು ತಳ್ಳಿದೆ. ತಳ್ಳಿದ್ದು ನಾನೇ ಅಮ್ಮಾ."

ದಫೇದಾರನ ಪೆನ್ನು ಸರಸರ ಓಡಿ ನಿಂತಿತು. ನಾಲ್ಕು ದಿನ ಆದದ್ದು ಆಗಲಿ ಎಂದು ಕೂತಿದ್ದ ಗಂಡಸು ಈಗ ಮಗುವಿನ ಹಾಗೆ ಅಳುತ್ತಿದ್ದ. ತನ್ನ ಜಾಣತನ ತೋರಿಸುವ ಭರದಲ್ಲಿ ಅವನನ್ನು ತಾನೇ ಕೆಡವಿದೆನೆಂದು ಅವಳಿಗೆ ಹೊಳೆಯಿತು. ಬೆಟ್ಟದಪ್ಪನ ಮೇಲಿದ್ದ ತಾತ್ಸಾರವೆಲ್ಲ ತಿರುಗಿ ಅವಳ ಮೇಲೆಯೇ ಬಂದು ಕೂತಿತು.

"ಅಷ್ಟು ಸಾಕು."

ಹಿಂದಿನಿಂದ ಬಂದ ದನಿ. ದೊಡ್ಡ ಸಾಹೇಬರು ಯಾವಾಗ ಬಂದು ನಿಂತಿದ್ದರೋ. ಸರಳುಗಳ ನಡುವಿನಿಂದ ಕೈ ಹಾಕಿ ದಫೇದಾರನ ಪುಸ್ತಕದಿಂದ ಆ ಹಾಳೆಯನ್ನು ನಾಜೂಕಾಗಿ ಹರಿದುಕೊಂಡರು. ಕೊನೆಯ ಸಾಲು ಓದಿ ತಲೆಯಾಡಿಸಿದರು.

"ತಳ್ಳಿದ್ದು ನಾನೇ. ಚೆನ್ನಾಗಿದೆ. ನಾನು ಅವತ್ತೇ ಹೇಳಿದ್ದೆ."

"ಸಾರ್, ಅವನು ಇನ್ನೂ ಮುಗಿಸಿಲ್ಲ."

"ನನಗೆ ಮುಗೀತು. ಜೀಪು ತೆಗೀರಿ." ಬೂಟಿನ ಸದ್ದು ಹಜಾರದ ಉದ್ದಕ್ಕೂ ದೂರವಾಯಿತು.

ತಮ್ಮ ಅದಾವುದನ್ನೂ ನೋಡಲಿಲ್ಲ. ಮಂಡಿಗಳ ನಡುವೆ ಮುಖವಿಟ್ಟು ಅವನು ಹೇಳುತ್ತಲೇ ಇದ್ದ.

"ಮೂರು ಮೆಟ್ಟಿಲು ಜಾರಿ ಕಂಬಿ ಹಿಡ್ಕೊಂಡ್ಲು. ಮೊಣಕೈ ತರಚಿತ್ತು, ಅಷ್ಟೆ. 'ಕತ್ತೆ, ನಾಳೆ ಬಾ, ತಲೆ ತಣ್ಣಗಾದ ಮೇಲೆ ಹೇಳ್ತೀನಿ' ಅಂತ ಬೈದ್ಲು. ನಾನು ತಿರುಗಿ ನೋಡದೆ ಇಳಿದೆ. ಆಮೇಲೆ ಸತ್ಲು ಅಂದ್ರಿ. ಆ ಪೆಟ್ಟಿಗೇ ಒಳಗೆ ಏನೋ ಆಗಿ ಸತ್ಲು ಅಂದ್ಕೊಂಡೆ."

"ಮೂರೇ ಮೆಟ್ಟಿಲಾ?" ಇನ್ಸ್‌ಪೆಕ್ಟರಮ್ಮ ಅವನ ಭುಜ ಹಿಡಿದು ಅಲುಗಿಸಿದಳು. ಮಣ್ಣಕ್ಕ ಸಿಕ್ಕಿದ್ದು ಇಪ್ಪತ್ತೆರಡು ಮೆಟ್ಟಿಲ ಬುಡದಲ್ಲಿ. "ನೀನು ಹೋಗುವಾಗ ಅಲ್ಲಿ ಬೇರೆ ಯಾರಾದ್ರೂ ಇದ್ರಾ? ನೆನಪು ಮಾಡ್ಕೋ!"

"ಕೆಳಗೆ ಒಬ್ರು ಎದುರಾದ್ರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ಹತ್ತೋಕೆ ಶುರು ಮಾಡಿದ್ರು."

"ವಯಸ್ಸಾದೋನಾ? ಕನ್ನಡಕ ಇತ್ತಾ?"

ಅವನು ಕೆಂಪಾದ ಕಣ್ಣೆತ್ತಿ ಅವಳನ್ನು ಪೆದ್ದರನ್ನು ನೋಡುವ ಹಾಗೆ ನೋಡಿದ.

"ಗಂಡಸಲ್ಲ ಅಮ್ಮಾ. ಹೆಂಗಸು."

ನಿದ್ದೆ ಹತ್ತಿತು ಅಂತ ಅವಳೇ ಹೇಳಿದಳೇ ಎಂದು ಬೆಟ್ಟದಪ್ಪ ತನ್ನ ಹೆಂಡತಿಯ ಬಗ್ಗೆ ಕೇಳಿದ್ದು ಅವಳಿಗೆ ಈಗ ಬೇರೆಯಾಗಿ ಕೇಳಿಸಿತು. ದಫೇದಾರ ಪುಸ್ತಕದ ಹೊಸ ಹಾಳೆ ಮಗುಚಿದ. ಹೊರಗೆ ಜೀಪು ಶುರುವಾಯಿತು, ಇಬ್ಬರು ಕಾನ್ಸ್‌ಟೇಬಲ್ಲುಗಳು ಒಳಗೆ ಬಂದು ಮಣ್ಣಕ್ಕನ ತಮ್ಮನ ಕೈಗೆ ಕೋಳ ಹಾಕಿದರು.